ಹಳೆಯ ಪಿಕಪ್ ವಾಹನದಲ್ಲಿ ಬಿಡದೆ ಕಾಡುವ ‘ಮಿಸ್ಸಿಂಗ್’: ಬಿಡಿಭಾಗ ಬದಲಿಸುವ ಮುನ್ನ ಕಾರಣ ಹುಡುಕುವ ಬಗೆ

ವ್ಯಾಪಾರದಲ್ಲಿ ಸರಕಿನ ದರ ಎಷ್ಟು ಮುಖ್ಯವೋ, ಅದು ಗಿರಾಕಿಯನ್ನು ತಲಪುವ ವೇಳೆಯೂ ಅಷ್ಟೇ ಮುಖ್ಯ. ಎಪಿಎಂಸಿ ಪ್ರಾಂಗಣದಿಂದ ಚಿಲ್ಲರೆ ಅಂಗಡಿಗೆ, ಕೈಗಾರಿಕಾ ವಸಾಹತಿನಿಂದ ಸಗಟು ಮಳಿಗೆಗೆ, ಗೋದಾಮಿನಿಂದ ಮನೆಬಾಗಿಲಿಗೆ ಸರಕು ಸಾಗಿಸುವ ಕೆಲಸದ ಬಹುಪಾಲು ಇಂದು ಸಣ್ಣ ಪಿಕಪ್ ವಾಹನಗಳ ಮೇಲೆ ನಿಂತಿದೆ. 2005ರಲ್ಲಿ ಟಾಟಾ ಏಸ್ ಮಾರುಕಟ್ಟೆಗೆ ಬಂದ ನಂತರ ನಾಲ್ಕು ಚಕ್ರದ ಸಣ್ಣ ಸರಕು ವಾಹನಗಳೆಂಬ ವರ್ಗವೇ ವ್ಯಾಪಕವಾಗಿ ಬೆಳೆಯಿತು. ಹೀಗೆ ಬೆಳೆದ ವಾಹನಗಳಲ್ಲಿ ಎಷ್ಟೋ ಇಂದು ಎಂಟು, ಹತ್ತು ವರ್ಷಗಳನ್ನು ದಾಟಿಯೂ ದುಡಿಯುತ್ತಿವೆ. ಸ್ವಂತ ವಾಹನವಿಟ್ಟುಕೊಂಡ ವರ್ತಕರಿಗೂ, ಒಂದೇ ವಾಹನದ ಬಾಡಿಗೆಯಿಂದ ಸಂಸಾರ ನಡೆಸುವ ಚಾಲಕ–ಮಾಲೀಕರಿಗೂ ಅದು ಓಡುವವರೆಗೆ ಆಸ್ತಿ, ನಿಂತ ದಿನ ಖರ್ಚು.

ಹಳೆಯ ವಾಹನಗಳ ದೂರುಗಳಲ್ಲಿ ಹೆಚ್ಚು ಹಣವನ್ನೂ ದಿನಗಳನ್ನೂ ನುಂಗುವಂಥದು ಎಂಜಿನ್ನಿನ ‘ಮಿಸ್ಸಿಂಗ್’. ವಾಹನ ಗದಗುಟ್ಟುತ್ತದೆ, ಏರಿನಲ್ಲಿ ಎಳೆಯುವುದಿಲ್ಲ, ಇಂಧನ ಹೆಚ್ಚು ಕುಡಿಯುತ್ತದೆ. ಗ್ಯಾರೇಜಿಗೆ ಒಯ್ದಾಗ ಪ್ಲಗ್ ಬದಲಾಗುತ್ತದೆ. ವಾರದೊಳಗೆ ದೂರು ಮರಳುತ್ತದೆ. ಮುಂದಿನ ಸಲ ಕಾಯಿಲ್, ಅದರ ಮುಂದಿನ ಸಲ ಇಂಜೆಕ್ಟರ್. ಬಿಲ್ಲುಗಳು ಸೇರುತ್ತ ಹೋದರೂ ದೋಷ ಇದ್ದಲ್ಲೇ ಇರುತ್ತದೆ. ಇದಕ್ಕೆ ಮೆಕ್ಯಾನಿಕರ ಅಪ್ರಾಮಾಣಿಕತೆಯೇ ಕಾರಣವೆಂದು ತಿಳಿಯಬೇಕಾಗಿಲ್ಲ. ಪರೀಕ್ಷೆಗೆ ಮೊದಲು ದುರಸ್ತಿ ನಡೆಯುವುದೇ ಬಹುಪಾಲು ಪ್ರಸಂಗಗಳಲ್ಲಿ ಮೂಲ ತೊಂದರೆ. ಮಿಸ್ಸಿಂಗ್‌ನ ಕಾರಣವನ್ನು ಕ್ರಮವಾಗಿ ಶೋಧಿಸಲು ಸಾಧ್ಯವಿದೆ. ಆ ಕ್ರಮವನ್ನು ಮಾಲೀಕರು ಸ್ಥೂಲವಾಗಿಯಾದರೂ ಅರಿತಿದ್ದರೆ ಗ್ಯಾರೇಜಿನಲ್ಲಿ ಸರಿಯಾದ ಪ್ರಶ್ನೆ ಕೇಳಬಲ್ಲರು.

ಮಿಸ್ಸಿಂಗ್ ಎಂದರೇನು?

ಸಿಲಿಂಡರಿನೊಳಗೆ ಇಂಧನ ಉರಿಯಬೇಕಾದ ಕ್ಷಣದಲ್ಲಿ ಉರಿಯದೆ ಹೋಗುವುದು ಅಥವಾ ಅರೆಬರೆ ಉರಿಯುವುದೇ ಮಿಸ್ಸಿಂಗ್. ನಾಲ್ಕು ಹೊಡೆತಗಳ ಎಂಜಿನ್ನಿನಲ್ಲಿ ಕ್ರ್ಯಾಂಕ್ ಶಾಫ್ಟ್ ಎರಡು ಸುತ್ತು ತಿರುಗಿದಾಗ ಪ್ರತಿ ಸಿಲಿಂಡರ್ ಒಂದು ಬಾರಿ ಉರಿಯುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ ನಿಂತಲ್ಲೇ ನಿಮಿಷಕ್ಕೆ 800 ಸುತ್ತು ತಿರುಗುತ್ತಿದ್ದರೆ ಒಟ್ಟು 1,600 ದಹನಗಳು ನಡೆಯಬೇಕು. 3,000 ಸುತ್ತಿನ ವೇಗದಲ್ಲಿ ಈ ಸಂಖ್ಯೆ 6,000ಕ್ಕೆ ಏರುತ್ತದೆ. ನಾಲ್ಕರಲ್ಲಿ ಒಂದು ಸಿಲಿಂಡರ್ ಕೆಲಸ ನಿಲ್ಲಿಸಿದರೆ ಉಳಿದ ಮೂರು ಅದರ ಪಾಲಿನ ಭಾರವನ್ನೂ ಹೊರಬೇಕು. ಎರಡೇ ಸಿಲಿಂಡರಿನ ವಾಹನಗಳಲ್ಲಂತೂ ಒಂದು ಮೌನವಾದರೆ ಅರ್ಧ ಶಕ್ತಿಯೇ ಹೋದಂತೆ.

ಪೆಟ್ರೋಲ್ ಅಥವಾ ಸಿಎನ್‌ಜಿ ಎಂಜಿನ್ನಿನಲ್ಲಿ ದಹನಕ್ಕೆ ಮೂರು ಅಂಶಗಳು ಕೂಡಿಬರಬೇಕು. ಮೊದಲನೆಯದು, ತಕ್ಕ ಪ್ರಮಾಣದ ಮಿಶ್ರಣ: ಒಂದು ಭಾಗ ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಭಾಗ ಗಾಳಿ, ಸಿಎನ್‌ಜಿಗೆ ಸುಮಾರು 17 ಭಾಗ. ಎರಡನೆಯದು, ಆ ಮಿಶ್ರಣವನ್ನು ಸೋರಿಕೆಯಿಲ್ಲದೆ ಅದುಮಿ ಹಿಡಿಯುವ ಕಂಪ್ರೆಷನ್. ಮೂರನೆಯದು, ಸಕಾಲದಲ್ಲಿ ಹಾರುವ ಸಶಕ್ತ ಕಿಡಿ. ಕಾಡುವ ಮಿಸ್ಸಿಂಗ್ ಯಾವುದೇ ಇರಲಿ, ಅದರ ಬೇರು ಈ ಮೂರರಲ್ಲೊಂದು ಕಡೆ ಇರಲೇಬೇಕು. ಶೋಧನೆಯ ಗುರಿ ಮೂರನ್ನು ಒಂದಕ್ಕೆ ಇಳಿಸುವುದು.

ಮೊದಲ ಸಾಕ್ಷಿ ಚಾಲಕ

ಅನೇಕ ಸಂಸ್ಥೆಗಳಲ್ಲಿ ವಾಹನ ಓಡಿಸುವವನು ಒಬ್ಬ, ಗ್ಯಾರೇಜಿಗೆ ದೂರವಾಣಿ ಮಾಡುವವನು ಇನ್ನೊಬ್ಬ, ಹಣ ಕೊಡುವವನು ಮತ್ತೊಬ್ಬ. ಚಾಲಕ ಹೇಳಿದ ವಿವರ ಗುಮಾಸ್ತರ ಬಾಯಿಂದ ಮೆಕ್ಯಾನಿಕರ ಕಿವಿ ತಲಪುವಷ್ಟರಲ್ಲಿ ‘ಗಾಡಿ ಮಿಸ್ಸಿಂಗ್ ಹೊಡೆಯುತ್ತಿದೆ’ ಎಂಬ ಒಂದೇ ಮಾತಾಗಿರುತ್ತದೆ. ಆದರೆ ದೋಷ ಯಾವಾಗ ಕಾಣಿಸಿಕೊಳ್ಳುತ್ತದೆ ಎಂಬುದೇ ಅರ್ಧ ಉತ್ತರ. ಅದನ್ನು ಬಲ್ಲವನು ದಿನಕ್ಕೆ ಹತ್ತು ಗಂಟೆ ಸ್ಟೀರಿಂಗ್ ಹಿಡಿದಿರುವ ಚಾಲಕನೊಬ್ಬನೇ. ಆದುದರಿಂದ ಚಾಲಕನೂ ಮೆಕ್ಯಾನಿಕನೂ ನೇರವಾಗಿ ಮಾತನಾಡುವಂತೆ ಏರ್ಪಡಿಸುವುದು ಖರ್ಚಿಲ್ಲದ ಮೊದಲ ಪರೀಕ್ಷೆ. ಚಾಲಕನಿಂದ ತಿಳಿಯಬೇಕಾದ ಅಂಶಗಳು ಇವು:

1. ಬೆಳಗ್ಗೆ ತಣ್ಣಗಿರುವಾಗ ಮಾತ್ರ ತೊಂದರೆಯಿದ್ದು, ಬಿಸಿಯಾದ ಮೇಲೆ ಸರಿಹೋಗುತ್ತದೆಯೇ? ಹಾಗಿದ್ದರೆ ಪ್ಲಗ್, ತಾಪಮಾನ ಸೆನ್ಸರ್ ಅಥವಾ ಹೆಡ್ ಗ್ಯಾಸ್ಕೆಟ್ ಮೂಲಕ ರಾತ್ರಿ ಸಿಲಿಂಡರಿಗೆ ಜಿನುಗುವ ರೇಡಿಯೇಟರ್ ನೀರಿನ ಕಡೆ ನೋಡಬೇಕು. ನೀರಿನ ಮಟ್ಟ ಇಳಿಯುತ್ತಿದ್ದು, ಸೈಲೆನ್ಸರಿನಿಂದ ಬಿಳಿ ಹಬೆ ಬಹಳ ಹೊತ್ತು ಬರುತ್ತಿದ್ದರೆ ಗ್ಯಾಸ್ಕೆಟ್ ಶಂಕೆ ಬಲವಾಗುತ್ತದೆ.

2. ಬಿಸಿಯಾದ ಮೇಲೆ ಮಾತ್ರ ಬರುತ್ತದೆಯೇ? ಶಾಖಕ್ಕೆ ಸುರುಳಿ ಕಡಿದುಕೊಳ್ಳುವ ಕಾಯಿಲ್ ಅಥವಾ ಬಿಗಿಯಾದ ಟ್ಯಾಪೆಟ್ ಕಾರಣವಿರಬಹುದು.

3. ನಿಂತಾಗ ನಡುಗಿ, ವೇಗದಲ್ಲಿ ಸರಿಯಾಗುತ್ತದೆಯೇ? ಗಾಳಿ ಸೋರುವ ರಬ್ಬರ್ ಕೊಳವೆ ಅಥವಾ ಕುಗ್ಗಿದ ಕಂಪ್ರೆಷನ್ ಕಡೆ ಇದು ಬೆರಳು ತೋರುತ್ತದೆ.

4. ಭಾರ ಹೇರಿದಾಗ, ಏರಿನಲ್ಲಿ ಮಾತ್ರವೇ? ಸಿಲಿಂಡರಿನ ಒತ್ತಡ ಹೆಚ್ಚಿದಂತೆ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ದುರ್ಬಲ ಕಾಯಿಲ್, ಅಂತರ ಹೆಚ್ಚಿದ ಪ್ಲಗ್, ಕಟ್ಟಿಕೊಂಡ ಇಂಧನ ಫಿಲ್ಟರ್ ಇಲ್ಲಿ ಸಿಕ್ಕಿಬೀಳುತ್ತವೆ.

5. ಮಳೆಯಲ್ಲಿ ಅಥವಾ ವಾಹನ ತೊಳೆದ ಮೇಲೆ ಬರುತ್ತದೆಯೇ? ಬಿರುಕುಬಿಟ್ಟ ಪ್ಲಗ್ ಪಿಂಗಾಣಿ, ಹಳೆಯ ಹೈ ಟೆನ್ಷನ್ ವೈರು, ತೇವ ಹೊಕ್ಕ ಕನೆಕ್ಟರುಗಳನ್ನು ನೋಡಬೇಕು.

6. ಎರಡು ಇಂಧನಗಳ ವಾಹನವಾದರೆ, ಸಿಎನ್‌ಜಿಯಲ್ಲಿ ಮಾತ್ರವೇ, ಪೆಟ್ರೋಲಿನಲ್ಲಿ ಮಾತ್ರವೇ, ಎರಡರಲ್ಲಿಯೂ ಇದೆಯೇ?

ಕೊನೆಯ ಪ್ರಶ್ನೆಗೆ ವಿಶೇಷ ಬೆಲೆಯಿದೆ. ಎರಡೂ ಇಂಧನಗಳ ಪೂರೈಕೆ ವ್ಯವಸ್ಥೆ ಬೇರೆ ಬೇರೆ; ಕಿಡಿ ಮತ್ತು ಎಂಜಿನ್ ಮಾತ್ರ ಒಂದೇ. ಪೆಟ್ರೋಲಿನಲ್ಲಷ್ಟೇ ದೋಷವಿದ್ದರೆ ಪೆಟ್ರೋಲ್ ಪಂಪು, ಫಿಲ್ಟರ್, ಇಂಜೆಕ್ಟರುಗಳು ಶಂಕೆಗೆ ಬರುತ್ತವೆ. ಸಿಎನ್‌ಜಿಯಲ್ಲಷ್ಟೇ ಇದ್ದರೆ ಅನಿಲದ ರೆಗ್ಯುಲೇಟರ್, ಫಿಲ್ಟರ್, ಇಂಜೆಕ್ಟರುಗಳ ಜೊತೆಗೆ ಪ್ಲಗ್ ಮತ್ತು ಕಾಯಿಲ್‌ಗಳನ್ನೂ ನೋಡಬೇಕು. ಏಕೆಂದರೆ ಅನಿಲ ಮಿಶ್ರಣವನ್ನು ಹೊತ್ತಿಸಲು ಹೆಚ್ಚಿನ ವೋಲ್ಟೇಜ್ ಬೇಕಾಗುವುದರಿಂದ ಸವೆದ ಪ್ಲಗ್ ಮೊದಲು ಸಿಎನ್‌ಜಿಯಲ್ಲಿಯೇ ತನ್ನ ದೌರ್ಬಲ್ಯ ತೋರುತ್ತದೆ. ಎರಡರಲ್ಲಿಯೂ ಒಂದೇ ತೆರನಾಗಿದ್ದರೆ ಇಂಧನ ವ್ಯವಸ್ಥೆಯನ್ನು ಸದ್ಯಕ್ಕೆ ಬದಿಗಿಟ್ಟು ಕಿಡಿ ಮತ್ತು ಕಂಪ್ರೆಷನ್ ಕಡೆ ತಿರುಗಬಹುದು. ಇಂಧನ ಬದಲಿಸುವ ಒಂದು ಗುಂಡಿಯನ್ನು ಒತ್ತಿ ನೋಡಿದರೆ ತಿಳಿಯುವ ಈ ಸಂಗತಿಯನ್ನು ಕೇಳದೆಯೇ ಇಂಜೆಕ್ಟರ್ ಶುಚಿಗೊಳಿಸುವ ಬಿಲ್ಲು ಸಿದ್ಧವಾಗುವುದುಂಟು.

ಯಾವ ಸಿಲಿಂಡರ್?

ಎರಡನೆಯ ಹೆಜ್ಜೆ ಉರಿಯದ ಸಿಲಿಂಡರನ್ನು ಗುರುತಿಸುವುದು. ಬೆಂಗಳೂರು ಸೇರಿದಂತೆ 13 ನಗರಗಳಲ್ಲಿ 2010ರ ಏಪ್ರಿಲ್‌ನಿಂದ, ದೇಶದಾದ್ಯಂತ 2017ರ ಏಪ್ರಿಲ್ 1ರಿಂದ ಬಿಎಸ್ 4 ಮಾನದಂಡ ಜಾರಿಗೆ ಬಂದಿತು. 2020ರ ಏಪ್ರಿಲ್ 1ರಿಂದ ಬಿಎಸ್ 6 ಬಂದಿದೆ. ಈ ಹೊಸ ಪೀಳಿಗೆಯ ವಾಹನಗಳಲ್ಲಿ ದೋಷಗಳನ್ನು ನೆನಪಿಡುವ ಗಣಕ ಘಟಕವಿದ್ದು, ಸ್ಕ್ಯಾನರ್ ಜೋಡಿಸಿದರೆ ಸಂಕೇತಗಳು ಕಾಣುತ್ತವೆ. ಪಿ 0301ರಿಂದ ಪಿ 0304ರವರೆಗಿನ ಸಂಕೇತಗಳು ಕ್ರಮವಾಗಿ ಒಂದರಿಂದ ನಾಲ್ಕನೆಯ ಸಿಲಿಂಡರಿನ ಮಿಸ್ಸಿಂಗನ್ನೂ, ಪಿ 0300 ಒಂದೇ ಸಿಲಿಂಡರಿಗೆ ಸೀಮಿತವಲ್ಲದ ಮಿಸ್ಸಿಂಗನ್ನೂ ಸೂಚಿಸುತ್ತವೆ.

ಸಂಕೇತದ ಅರ್ಥವನ್ನು ಅದರ ಮಿತಿಯಲ್ಲಿಯೇ ತಿಳಿಯಬೇಕು. ಪ್ರತಿ ದಹನದ ಬಳಿಕ ಕ್ರ್ಯಾಂಕ್ ಶಾಫ್ಟ್ ತುಸು ವೇಗಗೊಳ್ಳಬೇಕು. ಹಾಗಾಗದಿದ್ದಾಗ ಆ ಸರದಿ ಯಾವ ಸಿಲಿಂಡರಿನದೆಂದು ಲೆಕ್ಕ ಹಾಕಿ ಗಣಕ ಘಟಕ ಸಂಕೇತವನ್ನು ದಾಖಲಿಸುತ್ತದೆ. ಪಿ 0303 ಎಂದರೆ ಮೂರನೆಯ ಸಿಲಿಂಡರ್ ತನ್ನ ಪಾಲಿನ ಕೆಲಸ ಮಾಡುತ್ತಿಲ್ಲ ಎಂದಷ್ಟೇ ಅರ್ಥ. ಪ್ಲಗ್ ಹಾಳೋ, ಕಾಯಿಲ್ ಹಾಳೋ, ವಾಲ್ವ್ ಸುಟ್ಟಿದೆಯೋ ಎಂಬುದನ್ನು ಯಂತ್ರ ಹೇಳುವುದಿಲ್ಲ. ‘ಸ್ಕ್ಯಾನರಿನಲ್ಲಿ ಕಾಯಿಲ್ ಎಂದು ಬಂದಿದೆ’ ಎಂದು ಯಾರಾದರೂ ಹೇಳಿದರೆ ಸಂಕೇತದ ಸಂಖ್ಯೆಯನ್ನೇ ಬರೆದುಕೊಡುವಂತೆ ಕೇಳುವುದು ಲೇಸು.

ಸ್ಕ್ಯಾನರ್ ಒಪ್ಪದ ಹಳೆಯ ವಾಹನಗಳಿಗೂ ಉಪಾಯವಿದೆ. ವಾಹನವನ್ನು ಪೆಟ್ರೋಲಿನಲ್ಲಿ ನಿಂತಲ್ಲೇ ಓಡಿಸುತ್ತ ಒಂದೊಂದಾಗಿ ಇಂಜೆಕ್ಟರಿನ ಕನೆಕ್ಟರನ್ನು ಕಳಚಿ ಮತ್ತೆ ಜೋಡಿಸಬೇಕು. ಸರಿಯಿರುವ ಸಿಲಿಂಡರಿನದನ್ನು ಕಳಚಿದಾಗ ಎಂಜಿನ್ ಇನ್ನಷ್ಟು ನಡುಗುತ್ತದೆ; ಯಾವುದನ್ನು ಕಳಚಿದರೆ ವ್ಯತ್ಯಾಸವೇ ಕಾಣದೋ ಅದೇ ಉರಿಯದ ಸಿಲಿಂಡರ್. ತಣ್ಣಗಿನ ಎಂಜಿನ್ ಚಾಲೂ ಮಾಡಿದ ಸ್ವಲ್ಪ ಹೊತ್ತಿಗೆ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಕವಲುಗಳ ಶಾಖವನ್ನು ದೂರದಿಂದ ಅಳೆಯುವ ಉಷ್ಣಮಾಪಕದಿಂದ ನೋಡಿದರೆ, ಉರಿಯದ ಸಿಲಿಂಡರಿನ ಕವಲು ಉಳಿದವುಗಳಿಗಿಂತ ತಣ್ಣಗಿರುತ್ತದೆ. ಎಂಜಿನ್ ಓಡುತ್ತಿರುವಾಗಲೇ ಪ್ಲಗ್ ವೈರನ್ನು ಕೈಯಿಂದ ಕೀಳುವ ಹಳೆಯ ಪದ್ಧತಿಯನ್ನು ಮಾತ್ರ ಬಿಡಬೇಕು. ಆ ವೈರಿನಲ್ಲಿ ಸಾವಿರಾರು ವೋಲ್ಟ್ ಹರಿಯುತ್ತಿರುತ್ತದೆ. ಕೆಲಸಗಾರನಿಗೆ ಆಘಾತವಾಗಬಹುದು, ಕಾಯಿಲ್ ಕೂಡ ಸುಡಬಹುದು.

ಹೊಸದನ್ನು ಕೊಳ್ಳದೆ ಅದಲು ಬದಲು

ಮೂರನೆಯ ಸಿಲಿಂಡರ್ ಎಂದು ಗೊತ್ತಾಯಿತೆನ್ನೋಣ. ಆಗ ಹೊಸ ಕಾಯಿಲ್ ಕೊಳ್ಳುವ ಬದಲು, ಪ್ರತಿ ಸಿಲಿಂಡರಿಗೂ ಪ್ರತ್ಯೇಕ ಕಾಯಿಲ್ ಇರುವ ಎಂಜಿನ್ನಿನಲ್ಲಿ ಮೂರನೆಯದರ ಕಾಯಿಲನ್ನು ಒಂದನೆಯದಕ್ಕೂ, ಮೂರನೆಯದರ ಪ್ಲಗ್ಗನ್ನು ಎರಡನೆಯದಕ್ಕೂ ಅದಲು ಬದಲು ಮಾಡಿ ಓಡಿಸಿ ನೋಡಬೇಕು. ದೋಷ ಒಂದನೆಯ ಸಿಲಿಂಡರಿಗೆ ಹೋದರೆ ಕಾಯಿಲ್ ಕೆಟ್ಟಿದೆ. ಎರಡನೆಯದಕ್ಕೆ ಹೋದರೆ ಪ್ಲಗ್ ಕೆಟ್ಟಿದೆ. ಮೂರನೆಯದರಲ್ಲಿಯೇ ಉಳಿದರೆ ಎರಡೂ ನಿರ್ದೋಷಿಗಳು. ಎರಡು ಸಿಲಿಂಡರುಗಳಿಗೆ ಒಂದೇ ಕಾಯಿಲ್ ಇರುವ ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ ಒಂದು ಮತ್ತು ನಾಲ್ಕು, ಎರಡು ಮತ್ತು ಮೂರು ಜೋಡಿಯಾಗಿರುತ್ತವೆ. ಜೋಡಿಯ ಎರಡೂ ಸಿಲಿಂಡರುಗಳು ಒಟ್ಟಿಗೆ ಕೈಕೊಟ್ಟರೆ ಕಾಯಿಲ್ ಅಥವಾ ಅದರ ವೈರಿಂಗ್ ಕಡೆಯೇ ಶಂಕೆ.

ಕಳಚಿದ ಪ್ಲಗ್ಗನ್ನು ಎಸೆಯುವ ಮುನ್ನ ಅದರ ತುದಿಯನ್ನು ನೋಡಬೇಕು. ತಿಳಿ ಕಂದು ಬಣ್ಣ ಆರೋಗ್ಯದ ಗುರುತು. ಒಣ ಕಪ್ಪು ಮಸಿಯಿದ್ದರೆ ಇಂಧನ ಹೆಚ್ಚಾಗಿದೆ. ಆಯಿಲ್ ಜಿಡ್ಡಿದ್ದರೆ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿದೆ. ಬಿಳಿಚಿ ಬೊಬ್ಬೆ ಎದ್ದಿದ್ದರೆ ಇಂಧನ ಕಡಿಮೆಯಾಗಿ ಶಾಖ ಮಿತಿಮೀರಿದೆ. ನಾಲ್ಕು ಪ್ಲಗ್ಗುಗಳನ್ನು ಸಿಲಿಂಡರಿನ ಕ್ರಮದಲ್ಲಿಯೇ ಸಾಲಾಗಿ ಇಟ್ಟು ಹೋಲಿಸಿದರೆ ಬೇರೆಯಾಗಿ ಕಾಣುವುದು ತಾನಾಗಿಯೇ ಎದ್ದು ತೋರುತ್ತದೆ.

ಬದಲಿಸುವ ಪ್ಲಗ್ ತಯಾರಕರು ಸೂಚಿಸಿದ ಶ್ರೇಣಿಯದೇ ಆಗಿರಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಂತಹ ದೊಡ್ಡ ಬಿಡಿಭಾಗ ಮಾರುಕಟ್ಟೆಯಿರಲಿ, ತಾಲ್ಲೂಕು ಕೇಂದ್ರದ ಅಂಗಡಿಯಿರಲಿ, ಅಧಿಕೃತ ವಿತರಕರಿಂದ ಬಿಲ್ಲು ಸಮೇತ ಕೊಳ್ಳುವುದು ಕ್ಷೇಮ. ನಕಲಿ ಪ್ಲಗ್ ಹಾಕಿ ದೋಷ ಉಳಿದರೆ ‘ಪ್ಲಗ್ ಹೊಸದು, ಅದು ಕಾರಣವಲ್ಲ’ ಎಂಬ ತಪ್ಪು ನಂಬಿಕೆ ಬೆಳೆದು ಇಡೀ ಶೋಧನೆಯೇ ದಾರಿ ತಪ್ಪುತ್ತದೆ.

ಕಂಪ್ರೆಷನ್ ಮತ್ತು ಟ್ಯಾಪೆಟ್

ಅದಲು ಬದಲಿನಿಂದ ದೋಷ ಕದಲದಿದ್ದರೆ ಮುಂದಿನದು ಕಂಪ್ರೆಷನ್ ಪರೀಕ್ಷೆ. ಎಂಜಿನ್ ಬಿಸಿಯಿರಬೇಕು, ಬ್ಯಾಟರಿ ಸುಸ್ಥಿತಿಯಲ್ಲಿರಬೇಕು, ಎಲ್ಲ ಪ್ಲಗ್ಗುಗಳನ್ನೂ ತೆಗೆದು ಇಂಧನ ಮತ್ತು ಕಿಡಿ ಎರಡನ್ನೂ ನಿಲ್ಲಿಸಿರಬೇಕು, ಎಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದಿರಬೇಕು. ಮಾಪಕ ಇಟ್ಟು ಸೆಲ್ಫ್ ಹೊಡೆದಾಗ ಪೆಟ್ರೋಲ್ ಎಂಜಿನ್ನುಗಳು ಸಾಮಾನ್ಯವಾಗಿ ಚದರ ಸೆಂಟಿಮೀಟರಿಗೆ 10ರಿಂದ 13 ಕಿಲೋಗ್ರಾಂ ಒತ್ತಡ ತೋರುತ್ತವೆ. ಅಂಕಿ ಎಷ್ಟು ಎನ್ನುವುದಕ್ಕಿಂತ ಸಿಲಿಂಡರುಗಳ ನಡುವಣ ವ್ಯತ್ಯಾಸ ಮುಖ್ಯ, ಅದು ಶೇ. 10ರಿಂದ 15ನ್ನು ಮೀರಿದರೆ ಎಚ್ಚರ ವಹಿಸಬೇಕು. ನಿಖರ ಮಿತಿಗೆ ಆಯಾ ವಾಹನದ ಕೈಪಿಡಿಯೇ ಪ್ರಮಾಣ.

ಒತ್ತಡ ಕಡಿಮೆಯಿದ್ದ ಸಿಲಿಂಡರಿಗೆ ಸ್ವಲ್ಪ ಎಂಜಿನ್ ಆಯಿಲ್ ಹಾಕಿ ಮತ್ತೊಮ್ಮೆ ಅಳೆಯಬೇಕು. ಒತ್ತಡ ಏರಿದರೆ ರಿಂಗ್ ಅಥವಾ ಬೋರ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್ ಸೋರುತ್ತಿದೆ. ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೆ ಇಳಿದಿದ್ದರೆ ಅವುಗಳ ನಡುವೆ ಗ್ಯಾಸ್ಕೆಟ್ ಹೋಗಿರುವ ಸಂಭವವಿದೆ. ಪ್ಲಗ್ ರಂಧ್ರದ ಮೂಲಕ ಒತ್ತಡದ ಗಾಳಿ ಬಿಟ್ಟು ಕಿವಿಗೊಟ್ಟರೆ ಇನ್ನಷ್ಟು ಸ್ಪಷ್ಟವಾಗುತ್ತದೆ: ಸೈಲೆನ್ಸರಿನಲ್ಲಿ ಸೀಟಿ ಕೇಳಿದರೆ ಎಕ್ಸಾಸ್ಟ್ ವಾಲ್ವ್, ಏರ್ ಫಿಲ್ಟರ್ ಕಡೆ ಕೇಳಿದರೆ ಇನ್‌ಲೆಟ್ ವಾಲ್ವ್, ಆಯಿಲ್ ಹಾಕುವ ಮುಚ್ಚಳದಲ್ಲಿ ಕೇಳಿದರೆ ರಿಂಗ್, ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್.

ಸಿಎನ್‌ಜಿ ವಾಹನಗಳ ಮಾಲೀಕರು ಟ್ಯಾಪೆಟ್ ವಿಷಯದಲ್ಲಿ ವಿಶೇಷ ಗಮನ ಕೊಡಬೇಕು. ಸಿಎನ್‌ಜಿ ಒಣ ಇಂಧನ. ಪೆಟ್ರೋಲಿನ ಹನಿಗಳು ವಾಲ್ವಿಗೂ ಅದರ ಸೀಟಿಗೂ ಕೊಡುವ ತಂಪು ಮತ್ತು ಅಲ್ಪಸ್ವಲ್ಪ ಜಾರುವಿಕೆ ಇದರಲ್ಲಿಲ್ಲ. ಹೀಗಾಗಿ ಸೀಟು ಸವೆದು ವಾಲ್ವ್ ಮೇಲಕ್ಕೆ ಸರಿಯುತ್ತದೆ, ಟ್ಯಾಪೆಟ್ ಅಂತರ ಕಿರಿದಾಗುತ್ತದೆ. ಎಂಜಿನ್ ಬಿಸಿಯಾಗಿ ಲೋಹ ಹಿಗ್ಗಿದಾಗ ವಾಲ್ವ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ; ಆ ಸಂದಿನಿಂದ ನುಗ್ಗುವ ಉರಿ ವಾಲ್ವಿನ ಅಂಚನ್ನೇ ಸುಡುತ್ತದೆ. ಈ ಅಂತರ ಮಿಲಿಮೀಟರಿನ ನೂರನೆಯ ಭಾಗಗಳ ಲೆಕ್ಕದ್ದು. ಫೀಲರ್ ಗೇಜ್ ಇಲ್ಲದೆ ತಿಳಿಯದು. ಸಡಿಲ ಟ್ಯಾಪೆಟ್ ಟಕಟಕ ಸದ್ದು ಮಾಡಿ ಎಚ್ಚರಿಸುತ್ತದೆ. ಬಿಗಿ ಟ್ಯಾಪೆಟ್ ಸದ್ದಿಲ್ಲದೆ ಹೆಚ್ಚಿನ ಹಾನಿ ಮಾಡುತ್ತದೆ. ‘ಎಂಜಿನ್ ಮೆತ್ತಗಿದೆ, ಟ್ಯಾಪೆಟ್ ಮುಟ್ಟುವುದು ಬೇಡ’ ಎಂಬ ಮಾತು ಸಿಎನ್‌ಜಿ ವಾಹನಕ್ಕೆ ಒಪ್ಪುವುದಿಲ್ಲ. ತಾನೇ ಅಂತರ ಸರಿಪಡಿಸಿಕೊಳ್ಳುವ ಹೈಡ್ರಾಲಿಕ್ ವ್ಯವಸ್ಥೆಯ ಎಂಜಿನ್ನುಗಳಲ್ಲಿ ಮಾತ್ರ ಈ ಹೊಂದಾಣಿಕೆಯ ಅಗತ್ಯವಿರುವುದಿಲ್ಲ.

ಒಂದು ಉದಾಹರಣೆ

ಈ ಕ್ರಮ ಹೇಗೆ ಕೆಲಸ ಮಾಡುತ್ತದೆಂಬುದಕ್ಕೆ ಒಂದು ಕಲ್ಪಿತ ಪ್ರಸಂಗವನ್ನು ಪರಿಶೀಲಿಸಬಹುದು. ಎಂಟು ವರ್ಷದ, ನಾಲ್ಕು ಸಿಲಿಂಡರಿನ ಸಿಎನ್‌ಜಿ–ಪೆಟ್ರೋಲ್ ಪಿಕಪ್ ಒಂದಕ್ಕೆ ಮೂರು ಸಲ ದುರಸ್ತಿಯಾಗಿದೆ. ಮೊದಲು ನಾಲ್ಕು ಪ್ಲಗ್, ಬಳಿಕ ಒಂದು ಕಾಯಿಲ್, ಕೊನೆಗೆ ಇಂಜೆಕ್ಟರುಗಳ ಶುಚಿ. ಒಟ್ಟು ಐದು ದಿನ ವಾಹನ ನಿಂತಿದೆ. ದಿನದ ಬಾಡಿಗೆ 2,000 ರೂ. ಎಂದಿಟ್ಟುಕೊಂಡರೆ ಬಿಡಿಭಾಗಗಳ ಬೆಲೆಯನ್ನು ಬಿಟ್ಟೂ 10,000 ರೂ. ಆದಾಯ ಹೋಗಿದೆ. ದೋಷ ಹಾಗೆಯೇ ಇದೆ.

ಚಾಲಕನನ್ನು ಕೇಳಿದಾಗ ತಿಳಿಯುವುದಿಷ್ಟು: ಬೆಳಗ್ಗೆ ಚೆನ್ನಾಗಿರುತ್ತದೆ, ಅರ್ಧ ಗಂಟೆ ಓಡಿದ ಮೇಲೆ ಸಿಗ್ನಲ್ಲಿನಲ್ಲಿ ನಿಂತಾಗ ನಡುಗುತ್ತದೆ, ವೇಗದಲ್ಲಿ ಸರಿಯಾಗುತ್ತದೆ, ಎರಡೂ ಇಂಧನಗಳಲ್ಲಿ ಹಾಗೆಯೇ. ಎರಡರಲ್ಲಿಯೂ ಇರುವುದರಿಂದ ಇಂಧನ ಪೂರೈಕೆ ಬದಿಗೆ ಸರಿಯಿತು. ಸ್ಕ್ಯಾನರಿನಲ್ಲಿ ಪಿ 0303. ಕಾಯಿಲ್, ಪ್ಲಗ್ ಅದಲು ಬದಲು ಮಾಡಿದರೂ ದೋಷ ಮೂರರಲ್ಲಿಯೇ ಉಳಿಯಿತು. ಕಿಡಿಯೂ ಬದಿಗೆ ಸರಿಯಿತು. ಕಂಪ್ರೆಷನ್ ಅಳೆದಾಗ ಕ್ರಮವಾಗಿ 12.5, 12.3, 8.6, 12.4. ಮೂರನೆಯದಕ್ಕೆ ಆಯಿಲ್ ಹಾಕಿದರೂ ಅಂಕಿ ಏರಲಿಲ್ಲ, ಹಾಗಾಗಿ ರಿಂಗ್ ಅಲ್ಲ. ಗಾಳಿ ಬಿಟ್ಟಾಗ ಸೈಲೆನ್ಸರಿನಲ್ಲಿ ಸೀಟಿ: ಎಕ್ಸಾಸ್ಟ್ ವಾಲ್ವ್. ಮುಚ್ಚಳ ತೆಗೆದು ನೋಡಿದರೆ ಟ್ಯಾಪೆಟ್ ಅಂತರ ಇಲ್ಲವೇ ಇಲ್ಲ.

ವಾಲ್ವ್ ಇನ್ನೂ ಸುಡದಿದ್ದರೆ ಟ್ಯಾಪೆಟ್ ಹೊಂದಿಸಿದರೆ ಸಾಕು, ಕಂಪ್ರೆಷನ್ ಮರಳುತ್ತದೆ. ಅಂಚು ಸುಟ್ಟಿದ್ದರೆ ಹೆಡ್ ಇಳಿಸಿ ವಾಲ್ವ್ ಬದಲಿಸಬೇಕು. ಈ ಎರಡರ ನಡುವಣ ಅಂತರ ಕಾಲದ್ದು. ಮೊದಲ ಸಲವೇ ಪರೀಕ್ಷೆ ನಡೆದಿದ್ದರೆ ಹೊಂದಾಣಿಕೆಯಲ್ಲಿ ಮುಗಿಯಬಹುದಾಗಿದ್ದ ಕೆಲಸ, ಮೂರು ತಪ್ಪು ದುರಸ್ತಿಗಳ ಅವಧಿಯಲ್ಲಿ ಹೆಡ್ ಕೆಲಸವಾಗಿ ಬೆಳೆಯಬಹುದು.

ಗಾಳಿ ಸೋರಿಕೆ ಮತ್ತು ವೈರಿಂಗ್

ಕಂಪ್ರೆಷನ್ ಸಮನಾಗಿದ್ದು, ಕಿಡಿಯೂ ಸರಿಯಿದ್ದರೆ ಉಳಿದದ್ದು ಮಿಶ್ರಣ. ಹಳೆಯ ವಾಹನದಲ್ಲಿ ರಬ್ಬರ್ ಕೊಳವೆಗಳು ಗಡಸಾಗಿ ಬಿರುಕು ಬಿಡುತ್ತವೆ. ಲೆಕ್ಕಕ್ಕೆ ಸಿಗದ ಗಾಳಿ ಒಳನುಗ್ಗಿ ಮಿಶ್ರಣ ತೆಳುವಾಗುತ್ತದೆ. ಇಂಧನ ಪಂಪಿನ ಒತ್ತಡವನ್ನು ಮಾಪಕದಿಂದಲೇ ಅಳೆಯಬೇಕು, ಅಂದಾಜು ಸಲ್ಲದು.

ವೈರಿಂಗ್ ದೋಷ ಎಲ್ಲಕ್ಕಿಂತ ಹೆಚ್ಚು ತಲೆನೋವಿನದು, ಏಕೆಂದರೆ ಅದು ಬಂದು ಹೋಗುತ್ತಿರುತ್ತದೆ. ಎಂಜಿನ್ ಮತ್ತು ಚಾಸಿಯ ನಡುವಣ ಅರ್ಥಿಂಗ್ ಪಟ್ಟಿ ತುಕ್ಕು ಹಿಡಿದಿರಬಹುದು. ಕರಾವಳಿಯ ಉಪ್ಪುಗಾಳಿಯಲ್ಲಿ ಕನೆಕ್ಟರಿನ ಪಿನ್ನುಗಳು ಹಸಿರುಗಟ್ಟಿರಬಹುದು. ಧಾನ್ಯದ ಗೋದಾಮುಗಳ ಬಳಿ ರಾತ್ರಿ ನಿಲ್ಲುವ ವಾಹನದಲ್ಲಿ ಇಲಿ ವೈರು ಕಡಿದಿರಬಹುದು. ಎಂಜಿನ್ ಓಡುತ್ತಿರುವಾಗ ವೈರಿನ ಕಟ್ಟನ್ನು ಮೆಲ್ಲಗೆ ಅಲುಗಾಡಿಸಿ ನೋಡುವುದು, ಮಲ್ಟಿಮೀಟರಿನಿಂದ ವೋಲ್ಟೇಜ್ ಇಳಿಕೆ ಅಳೆಯುವುದು ಇದಕ್ಕೆ ತಕ್ಕ ಪರೀಕ್ಷೆಗಳು. ಗಣಕ ಘಟಕವನ್ನೇ ಬದಲಿಸುವ ಸಲಹೆಯನ್ನು ಇವೆಲ್ಲ ಮುಗಿದ ಮೇಲಷ್ಟೇ ಪರಿಗಣಿಸಬೇಕು. ಅನಿಲದ ಕೊಳವೆ, ರೆಗ್ಯುಲೇಟರ್ ಮತ್ತು ಸಿಲಿಂಡರ್ ಕೆಲಸವನ್ನು ತರಬೇತಿ ಪಡೆದ ಅಧಿಕೃತ ಕೇಂದ್ರದಲ್ಲಿಯೇ ಮಾಡಿಸತಕ್ಕದ್ದು.

ಡೀಸೆಲ್ ಪಿಕಪ್‌ಗಳ ವಿಷಯ

ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯಿಲ್ಲ. ಅದುಮಿದ ಗಾಳಿಯ ಶಾಖದಿಂದಲೇ ಇಂಧನ ಹೊತ್ತಿಕೊಳ್ಳುತ್ತದೆ. ಆದುದರಿಂದ ಶೋಧನೆ ಇಂಧನ ಮತ್ತು ಕಂಪ್ರೆಷನ್ ಎರಡಕ್ಕೇ ಇಳಿಯುತ್ತದೆ. ತಣ್ಣಗಿನಲ್ಲಷ್ಟೇ ಬಿಳಿ ಹೊಗೆಯೊಡನೆ ಮಿಸ್ಸಿಂಗ್ ಇದ್ದರೆ ಗ್ಲೋ ಪ್ಲಗ್ ಅಥವಾ ಕುಗ್ಗಿದ ಕಂಪ್ರೆಷನ್ ನೋಡಬೇಕು. ಫಿಲ್ಟರ್ ಬದಲಿಸಿದ ಮೇಲೆ ಆರಂಭವಾದದ್ದಾದರೆ ಇಂಧನ ಕೊಳವೆಯಲ್ಲಿ ಗಾಳಿ ಸೇರಿರಬಹುದು. ಫಿಲ್ಟರಿನ ತಳದಲ್ಲಿ ನೀರು ನಿಂತಿದ್ದರೆ ಅದನ್ನು ಮೊದಲು ಹೊರಬಿಡಬೇಕು.

ಹಳೆಯ ಯಾಂತ್ರಿಕ ಪಂಪಿನ ವಾಹನಗಳಲ್ಲಿ ಇಂಜೆಕ್ಟರ್ ಪೈಪಿನ ನಟ್ಟನ್ನು ಒಂದೊಂದಾಗಿ ಸಡಿಲಿಸಿ ಸಿಲಿಂಡರ್ ಗುರುತಿಸುವ ಪದ್ಧತಿಯಿತ್ತು. ಕಾಮನ್ ರೈಲ್ ಎಂಜಿನ್ನುಗಳಲ್ಲಿ ಇದನ್ನು ಎಂದಿಗೂ ಮಾಡಬಾರದು. ಅಲ್ಲಿನ ಒತ್ತಡ 1,000 ಬಾರ್‌ಗೂ ಮೀರುತ್ತದೆ. ಚಿಮ್ಮುವ ಡೀಸೆಲ್ ಚರ್ಮವನ್ನು ಸೀಳಿ ದೇಹದೊಳಗೆ ಹೊಕ್ಕು ಬೆರಳು, ಕೈ ಕಳೆದುಕೊಳ್ಳುವ ಅಪಾಯವಿದೆ. ಪ್ರತಿ ಇಂಜೆಕ್ಟರಿನಿಂದ ಹಿಂದಿರುಗುವ ಡೀಸೆಲನ್ನು ಪ್ರತ್ಯೇಕ ಸೀಸೆಗಳಲ್ಲಿ ಹಿಡಿದು ಹೋಲಿಸುವುದು ಇಲ್ಲಿನ ಸುರಕ್ಷಿತ ಕ್ರಮ. ಯಾವುದರಿಂದ ಅತಿಯಾಗಿ ಹಿಂದಿರುಗುತ್ತದೋ ಆ ಇಂಜೆಕ್ಟರ್ ಒಳಗೆ ಸೋರುತ್ತಿದೆ.

ಮುಂದೂಡಿದರೆ ಆಗುವ ನಷ್ಟ

‘ಈ ವಾರದ ಬಾಡಿಗೆ ಮುಗಿಯಲಿ’ ಎಂದು ಮಿಸ್ಸಿಂಗ್ ಇರುವ ವಾಹನವನ್ನು ಓಡಿಸುವುದು ದುಬಾರಿಯ ಉಳಿತಾಯ. ಉರಿಯದ ಇಂಧನ ಸೈಲೆನ್ಸರ್ ಮಾರ್ಗದ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ. ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂನಂತಹ ಬೆಲೆಬಾಳುವ ಲೋಹಗಳ ಲೇಪವಿರುವ ಅದರ ಜೇನುಗೂಡು ಕರಗಿ ಮುಚ್ಚಿಕೊಂಡರೆ ವಾಹನ ಎಳೆಯುವುದನ್ನೇ ನಿಲ್ಲಿಸುತ್ತದೆ. ಎಂಜಿನ್ ಎಚ್ಚರಿಕೆ ದೀಪ ಸ್ಥಿರವಾಗಿ ಉರಿದರೆ ಬೇಗ ತೋರಿಸಬೇಕು. ಅದು ಮಿಟುಕುತ್ತಿದ್ದರೆ ಕನ್ವರ್ಟರಿಗೆ ಹಾನಿಯಾಗುವಷ್ಟು ಮಿಸ್ಸಿಂಗ್ ಇದೆಯೆಂದು ಅರ್ಥ. ಭಾರ ಇಳಿಸಿ ವಾಹನ ನಿಲ್ಲಿಸುವುದೇ ಸರಿ. ಪೆಟ್ರೋಲ್ ಸಿಲಿಂಡರಿನ ಗೋಡೆ ತೊಳೆದು ಎಂಜಿನ್ ಆಯಿಲ್‌ಗೆ ಬೆರೆಯುವುದು, ವಾಯುಮಾಲಿನ್ಯ ತಪಾಸಣೆಯಲ್ಲಿ ವಾಹನ ಅನುತ್ತೀರ್ಣವಾಗುವುದು ಇದರ ಇತರ ಫಲಗಳು.

ಮಾಲೀಕರು ಪಾಲಿಸಬೇಕಾದ ಕ್ರಮ

ಗ್ಯಾರೇಜಿನಲ್ಲಿ ಮೂರು ಪ್ರಶ್ನೆಗಳನ್ನು ಕೇಳಬೇಕು: ಯಾವ ಸಿಲಿಂಡರ್? ಯಾವ ಪರೀಕ್ಷೆಯಿಂದ ತಿಳಿಯಿತು? ಈ ಬಿಡಿಭಾಗ ಕೆಟ್ಟಿದೆಯೆಂಬುದಕ್ಕೆ ಆಧಾರವೇನು? ಇವಕ್ಕೆ ಉತ್ತರ ಸಿಗುವವರೆಗೆ ಹೊಸ ಬಿಡಿಭಾಗಕ್ಕೆ ಒಪ್ಪಿಗೆ ಕೊಡದಿರುವುದು ಲೇಸು. ಇದರ ಜೊತೆಗೆ ಇನ್ನೊಂದು ನ್ಯಾಯವೂ ಸೇರಿದೆ. ಪರೀಕ್ಷೆಗೆ ತಗಲುವ ಸಮಯಕ್ಕೆ ಮೆಕ್ಯಾನಿಕರಿಗೆ ಪ್ರತ್ಯೇಕ ಕೂಲಿ ಸಲ್ಲಬೇಕು. ಬಿಡಿಭಾಗಕ್ಕೆ ಮಾತ್ರ ಹಣ ಕೊಟ್ಟು, ಅರ್ಧ ದಿನದ ಶೋಧನೆಗೆ ಹಣ ಕೊಡಲು ಹಿಂಜರಿಯುವ ಮಾಲೀಕರೇ ಬಿಡಿಭಾಗ ಬದಲಿಸುವ ಪದ್ಧತಿಯನ್ನು ಬೆಳೆಸುತ್ತಾರೆಂಬುದನ್ನೂ ಮರೆಯಬಾರದು.

ಬದಲಿಸಿದ ಹಳೆಯ ಭಾಗವನ್ನು ಹಿಂದಕ್ಕೆ ಪಡೆಯಬೇಕು. ದಿನಾಂಕ, ಓಡಿದ ಕಿಲೋಮೀಟರ್, ದೋಷದ ಸಂಕೇತ, ಕಂಪ್ರೆಷನ್ ಅಂಕಿ, ಟ್ಯಾಪೆಟ್ ಹೊಂದಿಸಿದ ವಿವರಗಳನ್ನು ವಾಹನಕ್ಕೊಂದು ಪುಸ್ತಕದಲ್ಲಿ ಬರೆದಿಡಬೇಕು. ಎರಡು ವರ್ಷಗಳ ಕಂಪ್ರೆಷನ್ ಅಂಕಿಗಳು ಕಣ್ಣಮುಂದಿದ್ದರೆ ಎಂಜಿನ್ ಕೆಲಸ ಮಾಡಿಸುವುದೋ, ವಾಹನ ಮಾರುವುದೋ ಎಂಬ ನಿರ್ಧಾರ ಊಹೆಯ ಮೇಲೆ ನಿಲ್ಲುವುದಿಲ್ಲ. ಎಂಟು ವರ್ಷ ದಾಟಿದ ಸರಕು ವಾಹನಕ್ಕೆ ಅರ್ಹತಾ ಪ್ರಮಾಣಪತ್ರ ಪ್ರತಿ ವರ್ಷ ನವೀಕರಣವಾಗಬೇಕಿರುವುದರಿಂದ ಅದಕ್ಕೆ ಮುನ್ನ ಈ ತಪಾಸಣೆ ನಡೆಸುವುದು ಅನುಕೂಲ.

ತೆರಿಗೆ ಬಿಲ್ಲು ಪಡೆಯುವುದರಲ್ಲಿ ಲಾಭವೂ ಇದೆ. ಜಿಎಸ್‌ಟಿ ಕಾಯ್ದೆಯಲ್ಲಿ ಹೂಡುವಳಿ ತೆರಿಗೆ ಜಮೆಗೆ ಇರುವ ನಿರ್ಬಂಧ ಮುಖ್ಯವಾಗಿ ಚಾಲಕ ಸೇರಿ 13 ಆಸನಗಳವರೆಗಿನ ಪ್ರಯಾಣಿಕ ವಾಹನಗಳಿಗೆ ಸಂಬಂಧಿಸಿದ್ದು. ಸರಕು ಸಾಗಣೆ ವಾಹನದ ದುರಸ್ತಿ ಮತ್ತು ಬಿಡಿಭಾಗಗಳ ಮೇಲೆ ತೆತ್ತ ತೆರಿಗೆಗೆ, ತೆರಿಗೆಗೊಳಪಡುವ ಸರಕಿನ ವ್ಯವಹಾರ ಮಾಡುವ ನೋಂದಾಯಿತ ವರ್ತಕರು ಜಮೆ ಪಡೆಯಬಹುದು. ತಾಜಾ ತರಕಾರಿಯಂತಹ ವಿನಾಯಿತಿ ಪಡೆದ ಸರಕನ್ನಷ್ಟೇ ವ್ಯಾಪಾರ ಮಾಡುವವರಿಗೆ ಈ ಸೌಲಭ್ಯ ದೊರೆಯದು. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳಿಗೆಲ್ಲ ಶೇ. 18ರ ಏಕರೂಪ ದರ ಜಾರಿಗೆ ಬಂದಿದ್ದು, ಅದಕ್ಕೂ ಮುನ್ನ ಹಲವು ಭಾಗಗಳಿಗೆ ಶೇ. 28 ಇತ್ತು. ಬಿಲ್ಲಿಲ್ಲದೆ ಕೊಂಡ ಬಿಡಿಭಾಗ ಅಗ್ಗವೆನಿಸಿದರೂ ಜಮೆಯನ್ನೂ ಖಾತರಿಯನ್ನೂ ಒಟ್ಟಿಗೆ ಕಳೆಯುತ್ತದೆ.

ವಾಹನಕ್ಕೆ ವಯಸ್ಸಾಗುವುದನ್ನು ತಡೆಯಲಾಗದು. ಆದರೆ ಹಳೆಯದಾದ ಮಾತ್ರಕ್ಕೆ ಮಿಸ್ಸಿಂಗ್ ಸಹಜವೆಂದು ಒಪ್ಪಿಕೊಳ್ಳಬೇಕಾಗಿಯೂ ಇಲ್ಲ. ಚಾಲಕನ ಮಾತು ಕೇಳಿ, ಸಿಲಿಂಡರ್ ಗುರುತಿಸಿ, ಇರುವ ಭಾಗಗಳನ್ನೇ ಅದಲು ಬದಲು ಮಾಡಿ, ಕಂಪ್ರೆಷನ್ ಅಳೆದ ಬಳಿಕವಷ್ಟೇ ಹಣದ ಚೀಲ ಬಿಚ್ಚುವ ಕ್ರಮವನ್ನು ರೂಢಿಸಿಕೊಂಡರೆ, ಒಂದು ದಿನದ ಪರೀಕ್ಷೆಯಿಂದ ಹಲವು ದಿನಗಳ ದುಡಿಮೆ ಉಳಿಯುತ್ತದೆ.